ಊಟ ಹಾಕಿದೆವು, ಚಿತ್ರ ಇಟ್ಟುಕೊಂಡೆವು

ಹೋದ ತಿಂಗಳು ವಾಟ್ಸಾಪಿನಲ್ಲಿ ಒಂದು ಆಹ್ವಾನ ಬಂತು. ನಮ್ಮ ಹಾಸನ ಕಡೆಯ ಹುಡುಗರೇ. ಬೆಂಗಳೂರಿನಲ್ಲಿ ಕೆಲಸ, ಊರಿಗೆ ಏನಾದರೂ ಮಾಡಬೇಕೆಂಬ ಆಸೆ. ಮೂರು ದಿನದ ಬಾಟಿಕ್ ಶಿಬಿರ ಇಟ್ಟುಕೊಂಡಿದ್ದಾರೆ. ಕೊನೆಯಲ್ಲಿ ಮೂರು ಸಾಲು: "ಊಟ, ವಸತಿ ಉಚಿತ. ಪ್ರಮಾಣಪತ್ರ ನೀಡಲಾಗುವುದು. ಪ್ರತಿಯೊಬ್ಬ ಕಲಾವಿದರೂ ಒಂದು ಕಲಾಕೃತಿಯನ್ನು ಆಯೋಜಕರಿಗೆ ಬಿಟ್ಟುಕೊಡತಕ್ಕದ್ದು."

ಓದಿ ಮೈಯೆಲ್ಲ ಉರಿದುಹೋಯ್ತು. ಆ ಹುಡುಗರ ಮೇಲಲ್ಲ, ನನ್ನ ಮೇಲೆ. ಯಾಕೆಂದರೆ ಆ ಮೂರನೇ ಸಾಲು ಬರೆದವನು ನಾನು. ಮೂರು ವರ್ಷದ ಹಿಂದೆ ನಮ್ಮ ಶಿಬಿರಕ್ಕೆ ಟೈಪ್ ಮಾಡಿದ್ದೆ. ಇವರು ಅದನ್ನು ಹಾಗೇ ಕಾಪಿ ಹೊಡೆದಿದ್ದಾರೆ. ನಾನು ಬರೆದ ಕೋಡಿನಲ್ಲಿದ್ದ ಬಗ್ ಇನ್ನೊಬ್ಬರ ಪ್ರಾಜೆಕ್ಟಿಗೆ ಹೋಗಿ ಕೂತಿದೆ ಅಂತ ಗೊತ್ತಾದಾಗ ಆಗುತ್ತಲ್ಲ, ಅಂಥ ಸಂಕಟ. ಬಗ್ ನನ್ನದಾದ ಮೇಲೆ ಫಿಕ್ಸ್ ಮಾಡೋದೂ ನನ್ನ ಕೆಲಸವೇ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ತಾತ ಕಟ್ಟಿಸಿದ ತೊಟ್ಟಿಮನೆ, ಅದರಲ್ಲಿ ಅವ್ವ ಒಬ್ಬಳೇ. ಮನೆಗೆ ನಾಲ್ಕು ಜನ ಬಂದುಹೋದ ಹಾಗೂ ಆಗುತ್ತೆ, ಊರಿಗೆ ಕಲೆ ಬಂದ ಹಾಗೂ ಆಗುತ್ತೆ ಅಂತ ನಾವು ನಾಲ್ವರು ಗೆಳೆಯರು ಹೊರಟೆವು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹನ್ನೊಂದು ಜನ ಕಲಾವಿದರು ಒಪ್ಪಿದರು.

ಬಾಟಿಕ್ ಅಂದರೆ ಮೇಣದಲ್ಲಿ ಬರೆಯುವುದು. ಬಿಳಿ ಹತ್ತಿಬಟ್ಟೆಯ ಗಂಜಿ ತೆಗೆದು, ಬಣ್ಣ ತಾಗಬಾರದ ಕಡೆಗೆಲ್ಲ ಕರಗಿದ ಮೇಣ ಬಳಿದು, ಬಟ್ಟೆಯನ್ನು ಬಣ್ಣದಲ್ಲಿ ಅದ್ದುತ್ತಾರೆ. ತಿಳಿಬಣ್ಣದಿಂದ ಶುರುಮಾಡಿ ಗಾಢ ಬಣ್ಣದ ಕಡೆಗೆ ಹೋಗಬೇಕು. ಪ್ರತಿ ಸಲವೂ ಮತ್ತೆ ಮೇಣ, ಮತ್ತೆ ಬಣ್ಣ. ಬಣ್ಣ ತಣ್ಣಗಿರಬೇಕು, ಬಿಸಿಯಾದರೆ ಮೇಣವೇ ಕರಗಿಹೋಗುತ್ತೆ. ಜೇನುಮೇಣ ಬಾಗುತ್ತೆ, ಪ್ಯಾರಾಫಿನ್ ಬಿರಿಯುತ್ತೆ. ಆ ಬಿರುಕಿನೊಳಗೆ ಬಣ್ಣ ಇಳಿದಾಗ ಮೂಡುವ ಜೇಡನ ಬಲೆಯಂಥ ಗೆರೆಗಳೇ ಬಾಟಿಕ್ಕಿನ ಚೆಲುವು. ಇಂಡೊನೇಷ್ಯಾದ ಬಾಟಿಕ್ಕನ್ನು 2009ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 1927ರಲ್ಲಿ ರವೀಂದ್ರನಾಥ ಠಾಕೂರರು ಜಾವಾಕ್ಕೆ ಹೋಗಿಬಂದ ಮೇಲೆ ಈ ವಿದ್ಯೆ ಶಾಂತಿನಿಕೇತನದಲ್ಲೂ ಬೇರೂರಿತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇದು ನಡುವೆ ಎದ್ದುಹೋಗುವ ಕೆಲಸವಲ್ಲ. ಮೇಣದ ಬಿಸಿ ಕಮ್ಮಿಯಾದರೆ ಅದು ಬಟ್ಟೆಯೊಳಗೆ ಇಳಿಯದೆ ಮೇಲೇ ಬೆಳ್ಳಗೆ ಕೂರುತ್ತೆ, ಹಿಂದಿನಿಂದ ಬಣ್ಣ ನುಗ್ಗುತ್ತೆ. ಬಿಸಿ ಜಾಸ್ತಿಯಾದರೆ ಹೊಗೆಯಾಡುತ್ತೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಅದಕ್ಕೇ ಮೇಣದ ಪಾತ್ರೆಯನ್ನು ನೇರ ಉರಿಗಿಡದೆ ಬಿಸಿನೀರಿನ ಪಾತ್ರೆಯೊಳಗೆ ಇಡೋದು. ಒಬ್ಬರು ಅದರ ಮುಂದೆಯೇ ಕೂತಿರಬೇಕು.

ನಾವೇನು ಮಾಡಿದೆವು? ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ ಅಂದೆವು. ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಅಷ್ಟರಲ್ಲಿ ಕಲಾವಿದರು ಎರಡು ಸಲ ಮೇಣ ಕಾಯಿಸಿ, ಎರಡು ಸಲ ಒಲೆ ಆರಿಸಿದ್ದರು. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಮೈಸೂರು ಪೇಟ, ಐದು ಭಾಷಣ. ಕಲೆ ಬೆಳೆಯಬೇಕು ಅಂತ ಐವರೂ ಹೇಳಿದರು. ಕಲೆ ಮಾಡುವವರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಬಾಗಿಲಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಅತಿಥಿಗಳ ಮುಖವಿತ್ತು, ನಮ್ಮ ನಾಲ್ವರ ಮುಖವಿತ್ತು. ಹನ್ನೊಂದು ಜನರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಆವತ್ತು ಅದು ನನ್ನ ಕಣ್ಣಿಗೆ ಬೀಳಲೇ ಇಲ್ಲ ಅನ್ನೋದೇ ಈಗ ನಾಚಿಕೆ.

ಎರಡನೇ ದಿನ ಸಂಜೆ ಚನ್ನರಾಯಪಟ್ಟಣದಿಂದ ಬಂದಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಜಗಲಿ ಮೇಲೆ ಕೂತು ಕೈಗೆ ಮೆತ್ತಿದ ಮೇಣ ಉಜ್ಜುತ್ತಾ ಕೇಳಿದರು:

"ಅಲ್ಲಪ್ಪಾ, ನಿಮ್ಮ ಕಂಪ್ನೀಲಿ ನಿಂಗೆ ಮೂರ್ ದಿನ ಊಟ ಹಾಕಿ, ನೀನ್ ಬರೆದಿದ್ದನ್ನ ಇಟ್ಕೊಂಡು, ಒಂದು ಸರ್ಟಿಫಿಕೇಟ್ ಕೊಟ್ಟು ಕಳಿಸ್ತಾರಾ?"

"ಹಂಗಲ್ಲ ಮೇಷ್ಟ್ರೇ, ಇದು ಕಲೆ…" ಅಂದೆ.

"ಹೂಂ, ಕಲೆ. ಅದಕ್ಕೇ ಕೇಳ್ದೆ," ಅಂದು ಒಳಗೆ ಹೋದರು.

ಒಳಗೆ ಅವ್ವ ಅವರಿಗೆಲ್ಲ ಮುದ್ದೆ ಬಡಿಸುತ್ತಿದ್ದಳು. ಕಳೆ ಕೀಳೋಕೆ ಬಂದವರಿಗೆ ನಮ್ಮವ್ವ ಊಟ ಹಾಕುತ್ತಾಳೆ, ಸಂಜೆ ಕೂಲಿಯನ್ನೂ ಕೊಡುತ್ತಾಳೆ. ಊಟ ಹಾಕಿದೆ ಅಂತ ಕೂಲಿ ಹಿಡಿದದ್ದು ನಾನು ಕಂಡಿಲ್ಲ. ದುಡ್ಡೇ ಇಲ್ಲದ ಮುಯ್ಯಾಳಿಗೂ ಲೆಕ್ಕವಿದೆ: ಇವತ್ತು ನೀನು ನನ್ನ ಗದ್ದೆಗೆ ಬಂದರೆ ನಾಳೆ ನಾನು ನಿನ್ನ ಗದ್ದೆಗೆ. ಅಂಥ ಮನೆಯಲ್ಲಿ ಹುಟ್ಟಿ, ಬಿಇ ಓದಿ, ಆಫರ್ ಲೆಟರಿನ ಒಂದೊಂದು ಸಾಲಿಗೂ ಚೌಕಾಸಿ ಮಾಡುವ ನಾನು, ಕಲಾವಿದರ ವಿಷಯ ಬಂದಾಗ ಮಾತ್ರ ಊಟವನ್ನೇ ಸಂಬಳ ಅಂತ ಲೆಕ್ಕ ಹಿಡಿದಿದ್ದೆ.

ಇನ್ನು ಆ ಹುಡುಗಿಯ ಚಿತ್ರದ ಕಥೆ. ಹಾಸನದಲ್ಲಿ ಚಿತ್ರಕಲೆ ಓದುತ್ತಿದ್ದವಳು ಶೆಟ್ಟಿಹಳ್ಳಿಯ ಚರ್ಚು ಬರೆದಿದ್ದಳು. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ಬೇಸಿಗೆಗೆ ಮೇಲೇಳುತ್ತಲ್ಲ, ಅದು. ಮೇಣದ ಬಿರುಕನ್ನೇ ಗೋಡೆಯ ಬಿರುಕಾಗಿ ಮಾಡಿದ್ದಳು. ನೀರಿನ ಕಡೆ ಜೇನುಮೇಣ, ಗೋಡೆಯ ಕಡೆ ಪ್ಯಾರಾಫಿನ್. ನೋಡಿದವರೆಲ್ಲ ಸುಮ್ಮನೆ ನಿಂತುಬಿಟ್ಟರು. ಸಮಾರೋಪದ ದಿನ ನೆನಪಿನ ಕಾಣಿಕೆ ತರೋದು ಮರೆತಿದ್ದೆವು. ನಾನೇ ಹೋಗಿ ಆ ಚಿತ್ರ ತಂದು ಮುಖ್ಯ ಅತಿಥಿಯ ಕೈಗಿಟ್ಟೆ. ಅವಳನ್ನು ಕೇಳಲಿಲ್ಲ. ವೇದಿಕೆಯಿಂದ ಅವಳ ಹೆಸರೂ ಹೇಳಲಿಲ್ಲ. ಚಿತ್ರ ಕಾರಿನ ಹಿಂದಿನ ಸೀಟಿನಲ್ಲಿ ಹಾರಗಳ ಜೊತೆ ಹೋಯ್ತು. ಅವಳು ಫೋಟೊ ಕೂಡ ತೆಗೆದುಕೊಂಡಿರಲಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ನುಗ್ಗೇಹಳ್ಳಿ ಇದೆ. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ದಂಡನಾಯಕನ ಅಧಿಕಾರದ ಮುಂದೆ ನಮ್ಮ ಸಮಿತಿ ಯಾವ ಲೆಕ್ಕ! ಆದರೂ ವಿಗ್ರಹಗಳ ಕೆಳಗೆ ಕೆತ್ತಿದವರ ಹೆಸರಿದೆ: ಬೈಚೋಜ, ಮಲ್ಲಿತಮ್ಮ. ಸುಮಾರು ಎಂಟುನೂರು ವರ್ಷದ ಹಿಂದೆ ಕಲ್ಲಿನ ಮೇಲೆ ಸಿಕ್ಕ ಜಾಗ, ಅದೇ ಜಿಲ್ಲೆಯ ನಮ್ಮ ಫ್ಲೆಕ್ಸಿನ ಮೇಲೆ ಸಿಗಲಿಲ್ಲ.

"ಇದೆಲ್ಲ ಸೇವೆ ಮಾರಾಯ, ದುಡ್ಡು ಎಲ್ಲಿಂದ ತರೋದು?" ಅಂತ ನೀವು ಕೇಳ್ತೀರಿ. ನಾನೂ ಕೇಳಿದ್ದೆ. ಆಮೇಲೆ ಎಕ್ಸೆಲ್ ತೆಗೆದು ನೋಡಿದೆ. ಶಾಮಿಯಾನ, ಮೈಕ್, ಫ್ಲೆಕ್ಸ್, ಶಾಲು, ಹಾರಕ್ಕೆ 38 ಸಾವಿರ. ಮೇಣ, ಬಟ್ಟೆ, ಬಣ್ಣಕ್ಕೆ 14 ಸಾವಿರ. ಕಲಾವಿದರಿಗೆ ಸೊನ್ನೆ. ದುಡ್ಡು ಇತ್ತು ಸ್ವಾಮಿ. ಅದು ಹೋಗಬೇಕಾದ ಕಡೆಗೆ ಹೋಗಲಿಲ್ಲ, ಅಷ್ಟೇ.

ಕಲೆಗೆ ದುಡ್ಡು ಸೇರಿದರೆ ಮೈಲಿಗೆ ಅನ್ನುವವರು ಚೋಳಮಂಡಲದ ಕಡೆ ನೋಡಲಿ. ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಮದರಾಸಿನ ಹೊರಗೆ ಸಮುದ್ರದ ಪಕ್ಕ ಕಲಾವಿದರ ಹಳ್ಳಿ ಕಟ್ಟಿದರು. ಜಾಗ ಕೊಳ್ಳಲು ದುಡ್ಡು ಹುಟ್ಟಿದ್ದು ಅವರು ಮಾಡಿ ಮಾರಿದ ಬಾಟಿಕ್ ಮತ್ತಿತರ ಕರಕುಶಲ ವಸ್ತುಗಳಿಂದ. ಆ ಗುಂಪಿನಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಇದ್ದರು. ಮೇಣದ ಕೆಲಸವನ್ನು ಮಾರಿ ಬಂದ ದುಡ್ಡು ಅವರ ಚಿತ್ರಕಲೆಯನ್ನು ಕೆಡಿಸಲಿಲ್ಲ, ಅದಕ್ಕೊಂದು ನೆಲೆ ಕೊಟ್ಟಿತು. ಅಲ್ಲಿ ಕಲಾವಿದರು ಯಾರ ಅತಿಥಿಗಳೂ ಆಗಿರಲಿಲ್ಲ. ಮನೆಯೇ ಅವರದಾಗಿತ್ತು.

"ಅವರು ಒಪ್ಪಿಯೇ ಬಂದಿದ್ದರಲ್ಲ?" ಅನ್ನೋದು ಇನ್ನೊಂದು ಸಮರ್ಥನೆ. ಊರ ಕಡೆಯ ಕಲಾವಿದರಿಗೆ ಬೇರೆ ಶಿಬಿರವೇ ಇಲ್ಲದಾಗ ಒಪ್ಪದೆ ಏನು ಮಾಡ್ತಾರೆ? ನಾವು ಬಿಇ ಮುಗಿಸಿ, ಸಿಕ್ಕ ಮೊದಲ ಕೆಲಸದ ಬಾಂಡಿಗೆ ಸಹಿ ಹಾಕಿದ್ದೂ ಒಪ್ಪಿಯೇ ಅಲ್ವಾ? ಇನ್ನು ಕಾನೂನಿನ ಮಾತೂ ಬೇರೆಯೇ ಇದೆ. ಚಿತ್ರ ಕೈ ಬದಲಾದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಬದಲಾಗಲ್ಲ. 1957ರ ಕಾಯ್ದೆಯ ಪ್ರಕಾರ ಅದನ್ನು ಬರವಣಿಗೆಯಲ್ಲಿ, ಸಹಿ ಹಾಕಿ ವರ್ಗಾಯಿಸಬೇಕು. ಶಿಬಿರದ ಚಿತ್ರಗಳನ್ನು ಕ್ಯಾಲೆಂಡರಿಗೆ ಹಾಕಿ ಹಂಚುವವರು ಇದನ್ನು ಒಮ್ಮೆ ಓದಿಕೊಳ್ಳಿ.

ಮರುವರ್ಷ ನಾವು ಹತ್ತು ಚಿತ್ರಗಳನ್ನು ಸುತ್ತಿಕೊಂಡು ಅವರವರ ಮನೆಗೆ ಕೊಟ್ಟುಬಂದೆವು. ಮೇಷ್ಟ್ರು ಕಾಫಿ ಕೊಟ್ಟರು, ಏನೂ ಅನ್ನಲಿಲ್ಲ. ಹನ್ನೊಂದನೆಯದು ಸಿಗಲಿಲ್ಲ. ಅತಿಥಿಯ ಮನೆಗೆ ಹೋಗಿ ಕೇಳಿದರೆ, "ಯಾವ ಚಿತ್ರ?" ಅಂದರು. ಆ ಹುಡುಗಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಣ್ಣಾ," ಅಂದಳು. ಎರಡನೇ ಶಿಬಿರಕ್ಕೆ ಕರೆದಾಗ ಮಾತ್ರ ಬರಲಿಲ್ಲ.

ಎರಡನೆಯದಕ್ಕೆ ಆರೇ ಜನ. ಶಾಮಿಯಾನ ಇಲ್ಲ, ಅತಿಥಿ ಇಲ್ಲ. ದಿನಕ್ಕಿಷ್ಟು ಅಂತ ಗೌರವಧನ, ಬಸ್ ಚಾರ್ಜು, ಸಾಮಾನಿನ ಖರ್ಚು ನಮ್ಮದು. ಗಾಳಿಯಾಡುವ ಹಜಾರ, ಪಕ್ಕದಲ್ಲೇ ಮರಳಿನ ಬಕೆಟ್ಟು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಅನ್ನೋದನ್ನು ಮೊದಲು ಕಲಿತವರು ಆತಿಥೇಯರಾದ ನಾವೇ. ಬರೆದದ್ದೆಲ್ಲ ಅವರದ್ದು. ನನಗೆ ಬೇಕಾದ ಒಂದನ್ನು ಬೆಲೆ ಕೇಳಿ, ದುಡ್ಡು ಕೊಟ್ಟು ತಗೊಂಡೆ.

ಆ ಆಹ್ವಾನ ಕಳಿಸಿದ ಹುಡುಗರೇ, ಶಿಬಿರ ನಿಲ್ಲಿಸಬೇಡಿ. ಹನ್ನೊಂದು ಜನರಿಗೆ ಕೊಡೋಕೆ ಆಗದಿದ್ದರೆ ನಾಲ್ವರನ್ನು ಕರೆಯಿರಿ. ಫ್ಲೆಕ್ಸ್ ಬೇಕೇ ಬೇಕು ಅಂದರೆ ಬರೆಯುವವರ ಹೆಸರು ಹಾಕಿಸಿ. ಮೊದಲು ಆ ಮೂರನೇ ಸಾಲು ಅಳಿಸಿ. ಬರೆದವನೇ ಹೇಳ್ತಿದ್ದೀನಿ.