ಕಣ್ಣಿಗೆ ಕನ್ನಡ, ಗಣಕಕ್ಕೆ ಬೇರೇನೋ!

ಗಡಿಯಾಚೆಯ ಕನ್ನಡ ಶಾಲೆ ಅಂದ ಕೂಡಲೇ ನೆನಪಾಗುವುದು ಹಳೆಯ ದೂರುಗಳೇ. ಶಿಕ್ಷಕರಿಲ್ಲ, ಪುಸ್ತಕ ತಡ, ಮಕ್ಕಳು ಕಡಿಮೆ... ಇವಕ್ಕೆಲ್ಲ ಸರಕಾರವೇ ಮನಸ್ಸು ಮಾಡಬೇಕು. ಆದರೆ ಬಶೀರಾಬಾದ್, ತಾಂಡೂರು, ಜಹೀರಾಬಾದ್ ಕಡೆಯ ಕನ್ನಡ ಮೇಷ್ಟ್ರುಗಳಾದ ನಾವು ಯಾರ ಅಪ್ಪಣೆಗೂ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಕಣ್ಣು ಕಾಣದ ಮಗುವಿಗೆ ಗಣಕಯಂತ್ರದಲ್ಲಿ ಕನ್ನಡ ಕೇಳಿಸುವಂತೆ ಮಾಡುವುದು!

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿವೆ. ಜಾಸ್ ಎಂಬುದು ಹಳೆಯದು, ಆದರೆ ದುಬಾರಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್, ತಾವೇ ಕಣ್ಣು ಕಾಣದವರು, ಎನ್‌ವಿಡಿಎ ಎಂಬ ತಂತ್ರಾಂಶ ಬರೆಯಲು ಶುರುಮಾಡಿದರು. ಅದು ಪೂರ್ತಿ ಉಚಿತ. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋಗಿಯೂ ನಡೆಸಬಹುದು. ಅದರ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಒಪ್ಪೋಣ. ನಾಲ್ಕು ದಿನ ಕೇಳಿದರೆ ಕಿವಿ ಹೊಂದಿಕೊಳ್ಳುತ್ತದೆ.

ಮೌಸ್ ಬೇಕಿಲ್ಲ. ಕೀಲಿಮಣೆಯ ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಇರುತ್ತದಲ್ಲ, ಬೆರಳು ಅಲ್ಲಿಂದಲೇ ದಾರಿ ಹಿಡಿಯುತ್ತದೆ. ನುಡಿ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸುವ ಕೀಲಿಯೂ ಆ ಎಫ್ ಕೀಲಿಯೇ!

ತೊಡಕಿರುವುದು ಬೇರೆ ಕಡೆ. ಎಷ್ಟೋ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಇನ್ನೂ ಹಳೆಯ ಫಾಂಟುಗಳಲ್ಲೇ ಇವೆ. ಅವುಗಳಲ್ಲಿ ಕನ್ನಡ ಬರೀ ವೇಷ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳು. ನಮ್ಮ ಕಣ್ಣಿಗೆ ಪಾಠ, ತಂತ್ರಾಂಶಕ್ಕೆ ಗೊಂದಲ. ಮಗುವಿನ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು. ಪುಟದ ಫೋಟೋ ಕಳಿಸಿದರೂ ಇದೇ ಪಾಡು. ಯೂನಿಕೋಡಿನಲ್ಲಿ ಬರೆದರೆ ಮಾತ್ರ ಒಳಗೂ ಹೊರಗೂ ಕನ್ನಡ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ಈಗಿನ ನುಡಿ, ಬರಹ ಎರಡರಲ್ಲೂ ಆ ಸೌಲಭ್ಯವಿದೆ.

ಒಂದು ಮಗುವಿಗಾಗಿ ಇಷ್ಟೆಲ್ಲ ಏಕೆ ಅಂತ ಕೆಲವರು ಕೇಳಬಹುದು. ಆ ಮಗುವಿಗೆ ಇಲ್ಲಿ ದಾರಿಯಿಲ್ಲವೆಂದರೆ ಮನೆಯವರು ದೂರದ ಪಟ್ಟಣದ ವಸತಿಶಾಲೆಗೆ ಕಳಿಸುತ್ತಾರೆ. ಅಲ್ಲಿ ಪಾಠ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ. ಎಂಟು ವರ್ಷಕ್ಕೆ ಮನೆಯೂ ಹೋಯಿತು, ಮಾತೂ ಹೋಯಿತು. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಗಣಕ ತರಬೇತಿ ಕೊಡುತ್ತಾ ಬಂದಿವೆ, ಸಂತೋಷ. ಆದರೆ ತಾಂಡೂರಿನ ಕೂಲಿಯವರ ಮಗುವಿಗೆ ಬೆಂಗಳೂರು ಎಷ್ಟು ದೂರ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇ. 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೇ ಉಚಿತವಾಗಿ ಕಲಿಯುವ ಹಕ್ಕಿದೆ. ನೆರೆಹೊರೆಯ ಶಾಲೆ ಅಂದರೆ ನಮ್ಮದೇ.

ಗಣಕ ಬಂತೆಂದು ಬ್ರೈಲ್ ಬಿಡುವಂತಿಲ್ಲ. ಕೇಳಿ ಕಲಿತವರಿಗೆ ಕಥೆ ಬರುತ್ತದೆ, ಕಾಗುಣಿತ ಬರುವುದಿಲ್ಲ. ಲ, ಳ ಎಲ್ಲಿ ಎಂಬುದು ಬೆರಳಿಗೂ ಗೊತ್ತಾಗಬೇಕು. ಎರಡೂ ಬೇಕು.

ಹಾಗಾಗಿ ಗೆಳೆಯರೇ, ಈ ವರ್ಷದಿಂದ ಪ್ರತಿ ಪ್ರಶ್ನೆಪತ್ರಿಕೆಯನ್ನೂ ಯೂನಿಕೋಡಿನಲ್ಲೇ ಬರೆಯೋಣ. ಶಾಲೆಯ ಒಂದು ಗಣಕದಲ್ಲಾದರೂ ಎನ್‌ವಿಡಿಎ ಹಾಕೋಣ. ಪರದೆ ಆರಿಸಿ, ನಮ್ಮದೇ ಪಾಠವನ್ನು ಒಮ್ಮೆ ಕೇಳೋಣ. ನೀವೇನಂತೀರಿ?