ಟ್ಯಾಂಕ್ ನೀರು ಬೆಳ್ಳಗಾದರೆ ಗಾಬರಿ ಬೇಡ, ತಿಳಿಯಾದರೆ ನಂಬಬೇಡಿ

ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಮೊದಲ ವಾರ ಕೇಳುವ ಪ್ರಶ್ನೆ ಒಂದೇ: ‘ನೀರು ಯಾಕೆ ಹಾಲಿನ ಹಾಗೆ ಆಗಿದೆ?’ ನಾವೂ ಅದನ್ನೇ ಕೇಳಿದೆವು. ಕೇಳಬೇಕಿದ್ದದ್ದು ಬೇರೆ ಪ್ರಶ್ನೆ, ‘ನೀರಿನಲ್ಲಿ ಅಮೋನಿಯ ಎಷ್ಟಿದೆ?’ ಎಂದು. ಇಷ್ಟು ಕಲಿಯುವುದಕ್ಕೆ ಎರಡು ಮೀನು ಸಾಯಬೇಕಾಯಿತು.

ನಾವು ನಾಲ್ಕು ಜನ. ಹಾಸ್ಟೆಲಿನಲ್ಲಿ ಟ್ಯಾಂಕ್ ಇಡುವ ಹಾಗಿಲ್ಲ, ಹಾಗಾಗಿ ಹಿರಿಯಡ್ಕದಲ್ಲಿ ನಮ್ಮಲ್ಲೊಬ್ಬನ ಮನೆಯ ಚಾವಡಿಯಲ್ಲಿ 100 ಲೀಟರಿನದ್ದೊಂದು ಇಟ್ಟೆವು. ಬಾವಿ ನೀರು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮೂರೂವರೆ ಕಿಲೋ ಸಾಲ್ಟ್ ಮಿಕ್ಸ್, ಅಡಿಗೆ ಬಿಳಿ ಮರಳು. ಮರಳನ್ನು ಸರಿಯಾಗಿ ತೊಳೆಯಲಿಲ್ಲ, ಬಸ್ಸಿಗೆ ಲೇಟ್ ಆಗುತ್ತಿತ್ತು. ಬ್ಯಾಕ್ಟೀರಿಯಾ ಹುಟ್ಟಲಿ ಅಂತ ಒಂದು ಸಿಗಡಿಯನ್ನೂ ಒಳಗೆ ಹಾಕಿದೆವು. ಅವತ್ತೇ ನೀರು ಬಿಳಿ. ಮೂರನೇ ದಿನ ಸ್ವಲ್ಪ ಇಳಿದದ್ದು ಮತ್ತೆ ಹೆಚ್ಚಾಯಿತು. ತಾಳ್ಮೆ ಕೆಟ್ಟು ನೀರು ತಿಳಿ ಮಾಡುವ ದ್ರವದ ಬಾಟಲಿ ತಂದು ಸುರಿದೆವು. ಐದನೇ ದಿನ ಟ್ಯಾಂಕ್ ಗಾಜಿನ ಹಾಗೆ ಹೊಳೆಯಿತು. ಆರನೇ ದಿನ ಎರಡು ಕ್ಲೌನ್ ಮೀನು ತಂದು ಬಿಟ್ಟೆವು. ಒಂಬತ್ತನೇ ದಿನ ಎರಡೂ ಇಲ್ಲ.

ಗೆಳೆಯನ ಅಜ್ಜಿ ಟ್ಯಾಂಕಿನ ಎದುರು ನಿಂತು ಕೇಳಿದರು: ‘ನೀರು ಇಷ್ಟು ಚಂದ ಉಂಟು, ಮತ್ತೆ ಎಂತಕ್ಕೆ ಸತ್ತದ್ದು ಮಕ್ಕಳೇ?’ ಇಂಜಿನಿಯರಿಂಗ್ ಓದುವ ನಾಲ್ವರಲ್ಲಿ ಒಬ್ಬರಿಗೂ ಉತ್ತರ ಬರಲಿಲ್ಲ. ಆಮೇಲೆ ಅಮೋನಿಯ ಟೆಸ್ಟ್ ಕಿಟ್ ತಂದೆವು. ಹಳದಿ ಇರಬೇಕಿದ್ದ ಟ್ಯೂಬ್ ಕಡು ಹಸಿರಾಯಿತು.

ನಮ್ಮ ಅಭಿಪ್ರಾಯ ಇಷ್ಟೇ. ನೀರು ಮಬ್ಬಾಗುವುದು ಒಂದು ಲಕ್ಷಣ. ಅದಕ್ಕೆ ಬೇರೆ ಬೇರೆ ಕಾರಣಗಳಿವೆ, ಹೆಚ್ಚಿನವು ತಾವಾಗಿ ಸರಿಹೋಗುತ್ತವೆ. ಮೀನನ್ನು ಕೊಲ್ಲುವುದು ಬಹುಮಟ್ಟಿಗೆ ಕಣ್ಣಿಗೆ ಕಾಣದ್ದು. ನಾವು ಕಾಣುವುದರ ಹಿಂದೆ ಓಡಿ ಕಾಣದ್ದನ್ನು ಅಳೆಯದೆ ಬಿಟ್ಟೆವು.

ಮೊದಲು ಮಬ್ಬಿನ ವಿಷಯ. ಕಾರಣ ತಿಳಿಯಲು ದೊಡ್ಡ ಉಪಕರಣ ಬೇಡ, ಒಂದು ಗಾಜಿನ ಲೋಟ ಸಾಕು. ಟ್ಯಾಂಕಿನ ನೀರು ತುಂಬಿಸಿ ಅಲ್ಲಾಡಿಸದೆ ಇಡಿ. ಒಂದೆರಡು ನಿಮಿಷದಲ್ಲಿ ತಿಳಿಯಾದರೆ ಅದು ಪಂಪಿನಿಂದ ಬಂದ ಸಣ್ಣ ಗಾಳಿಗುಳ್ಳೆ. ಪಂಪಿನ ಜಾಯಿಂಟ್ ಅಥವಾ ನೀರಿನ ಮಟ್ಟ ನೋಡಿದರೆ ಆಯ್ತು. ರಾತ್ರಿ ಕಳೆಯುವಷ್ಟರಲ್ಲಿ ಲೋಟದ ಅಡಿಯಲ್ಲಿ ಬಿಳಿ ಪುಡಿ ಕೂತರೆ ಮರಳಿನ ಧೂಳು. ಫಿಲ್ಟರಿಗೆ ಹತ್ತಿ ಹಾಕಿ ಎರಡು ದಿನ ಕಾಯಬೇಕು. ಬೆಳಿಗ್ಗೆಯೂ ನೀರು ಹಾಗೇ ಮಬ್ಬಾಗಿ, ಅಡಿಯಲ್ಲಿ ಏನೂ ಇಲ್ಲದಿದ್ದರೆ ಬಹುಶಃ ಬ್ಯಾಕ್ಟೀರಿಯಾ. ಇನ್ನೊಂದು ಉಂಟು: ಪಿಎಚ್ ಏರಿಸಲು ಬಫರ್ ಅಥವಾ ಅಡುಗೆ ಸೋಡಾ ಹೆಚ್ಚು ಸುರಿದ ಕೂಡಲೇ ನೀರು ಸುಣ್ಣದ ತಿಳಿಯಂತಾಗಿ, ಹೀಟರಿನ ಮೇಲೆ ಬಿಳಿ ಪೊರೆ ಕೂತರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಆಗ ಮಾಡಬೇಕಾದ್ದು ಸುರಿಯುವುದನ್ನು ನಿಲ್ಲಿಸುವುದು, ಅಷ್ಟೇ.

ನಮ್ಮ ಟ್ಯಾಂಕಿನಲ್ಲಿ ಮೊದಲ ದಿನದ ಬಿಳಿ ಮರಳಿನದ್ದು, ಮೂರನೇ ದಿನದ್ದು ಬ್ಯಾಕ್ಟೀರಿಯಾದ್ದು. ಎರಡಕ್ಕೂ ಒಂದೇ ಬಾಟಲಿ ಸುರಿದೆವು.

ಇಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾಗಳ ವ್ಯತ್ಯಾಸ ತಿಳಿದಿರಬೇಕು. ಕೊಳೆಯುವ ಸಿಗಡಿಯನ್ನು ತಿನ್ನುವವು ಅನುಕೂಲ ಸಿಕ್ಕಿದರೆ ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತವೆ, ನೀರಿನಲ್ಲೇ ತೇಲುತ್ತವೆ. ನೀರು ಹಾಲಾಗುವುದು ಇವುಗಳಿಂದ. ಇವು ತಿಂದು ಬಿಟ್ಟದ್ದರಲ್ಲಿ ಅಮೋನಿಯ ಇರುತ್ತದೆ. ಆ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವವು ಬೇರೆ. ಅವು ಇಮ್ಮಡಿಯಾಗಲು ಹಲವು ಗಂಟೆ, ಕೆಲವೊಮ್ಮೆ ಇಡೀ ದಿನವೇ ಬೇಕು. ಕಲ್ಲು, ಮರಳು, ಫಿಲ್ಟರಿಗೆ ಅಂಟಿಕೊಂಡಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನಾವು ಆರು ದಿನಕ್ಕೆ ಮೀನು ಬಿಟ್ಟೆವು.

ಉಪ್ಪುನೀರಿನಲ್ಲಿ ಇದು ಇನ್ನೂ ಕಷ್ಟ. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು. ಒಟ್ಟು ಅಮೋನಿಯ ಅಷ್ಟೇ ಇದ್ದರೂ, ಪಿಎಚ್ 7ರ ನೀರಿಗೆ ಹೋಲಿಸಿದರೆ ಇಲ್ಲಿ ವಿಷವಾಗುವ ರೂಪದ ಪಾಲು ಸುಮಾರು ಹತ್ತು ಪಟ್ಟು. ಸಿಹಿನೀರಿನ ಗಪ್ಪಿ ತಡೆದುಕೊಂಡಿತು ಅಂತ ಕ್ಲೌನ್ ಮೀನೂ ತಡೆದುಕೊಳ್ಳಬೇಕು ಅಂದರೆ ಆಗುವುದಿಲ್ಲ.

ನಮಗೆ ಈ ಮರುಳು ಎಲ್ಲಿಂದ ಬಂತು? ನಮ್ಮ ಪ್ರಕಾರ ಕುಡಿಯುವ ನೀರಿನಿಂದ. ಹಿರಿಯಡ್ಕದ ಹತ್ತಿರ ಸ್ವರ್ಣಾ ನದಿಗೆ ಬಜೆಯಲ್ಲಿ ಅಣೆಕಟ್ಟು ಉಂಟು, ಉಡುಪಿ ನಗರಕ್ಕೆ ನೀರು ಹೋಗುವುದು ಅಲ್ಲಿಂದ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುವುದನ್ನು ಎಲ್ಲರೂ ನೋಡಿದ್ದೇವೆ. ಅಂಥ ನೀರಿನ ಕೆಸರನ್ನು ಪಟಿಕದಿಂದ ಮುದ್ದೆಗಟ್ಟಿಸಿ, ತಂಗಿಸಿ, ಸೋಸಿ, ಕ್ಲೋರಿನ್ ಹಾಕಬೇಕು ಅಂತ ಪುಸ್ತಕದಲ್ಲೂ ಓದಿದ್ದೇವೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಮಬ್ಬು 1 ಎನ್‌ಟಿಯು ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 5ರ ತನಕ ಒಪ್ಪುತ್ತಾರೆ. ಅಲ್ಲಿ ತಿಳಿನೀರಿಗೆ ಬೆಲೆ ಉಂಟು, ಯಾಕೆಂದರೆ ಕೆಸರಿನ ಕಣದೊಳಗೆ ಅಡಗಿದ ರೋಗಾಣುವಿಗೆ ಕ್ಲೋರಿನ್ ತಾಗುವುದಿಲ್ಲ. ಆದರೆ ಅಕ್ವೇರಿಯಂ ನೀರನ್ನು ಯಾರೂ ಕುಡಿಯುವುದಿಲ್ಲ, ಅದರೊಳಗೆ ಬದುಕುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾ ಬೇಕೇ ಬೇಕು.

‘ಬಾಟಲಿ ಹಾಕಿದರೆ ನಷ್ಟ ಎಂತ?’ ಅಂತ ಒಬ್ಬ ಸೀನಿಯರ್ ಕೇಳಿದರು. ನ್ಯಾಯದ ಪ್ರಶ್ನೆ. ಧೂಳಿಗಾದರೆ ಅದು ಕೆಲಸ ಮಾಡುತ್ತದೆ, ಒಪ್ಪುತ್ತೇವೆ. ಆದರೆ ಅದು ಕಣಗಳನ್ನು ಒಟ್ಟು ಮಾಡುತ್ತದೆ, ಅಮೋನಿಯವನ್ನು ಮುಟ್ಟುವುದಿಲ್ಲ. ನೀರು ಮಬ್ಬಾಗಿಯೇ ಇದ್ದಿದ್ದರೆ ನಾವು ಮೀನು ತರುತ್ತಿರಲಿಲ್ಲ. ಬಾಟಲಿ ನಮಗೆ ಸುಳ್ಳು ಧೈರ್ಯ ಕೊಟ್ಟಿತು.

ಇನ್ನೊಂದು ಸುಲಭದ ದಾರಿ ಅಂತ ಕಾಣುವುದು ಸಮುದ್ರವೇ. ಮಲ್ಪೆ, ಕಾಪು ಹತ್ತಿರವೇ ಉಂಟಲ್ಲ, ಕ್ಯಾನಿನಲ್ಲಿ ನೀರು ತಂದರೆ? ಮಳೆಗಾಲದಲ್ಲಿ ಹೊಳೆಗಳೆಲ್ಲ ಬಂದು ಸೇರುವಾಗ ದಡದ ನೀರಿನಲ್ಲಿ ಉಪ್ಪು ಇಳಿದು ಕೆಸರು ಏರುತ್ತದೆ. ಬಂದರಿನ ಹತ್ತಿರ ಬೋಟಿನ ಎಣ್ಣೆಯೂ ಇರಬಹುದು. ಬೇಸಗೆಯ ಶುದ್ಧ ನೀರಾದರೂ ಅದರಲ್ಲಿರುವ ಪ್ಲಾಂಕ್ಟನ್ ಕ್ಯಾನಿನಲ್ಲಿ ಸತ್ತು ಅದೇ ಅಮೋನಿಯ ಕೊಡುತ್ತದೆ. ಹೊರದೇಶದ ವಿಡಿಯೋಗಳಲ್ಲಿ ‘ಲೈವ್ ರಾಕ್ ಹಾಕಿ’ ಅನ್ನುತ್ತಾರೆ, ಅಂದರೆ ಹವಳದ ದಿಬ್ಬದಿಂದ ತೆಗೆದ, ಜೀವಿಗಳು ತುಂಬಿದ ಕಲ್ಲು. ನಮ್ಮಲ್ಲಿ ದಿಬ್ಬ ಕಟ್ಟುವ ಹವಳಕ್ಕೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿಯ ಹವಳ ಅಲ್ಲೇ ಇರಲಿ. ಒಣ ಕಲ್ಲು, ಸೆರಾಮಿಕ್ ರಿಂಗ್ ಇಟ್ಟು ಕೆಲವು ವಾರ ಹೆಚ್ಚು ಕಾಯುವುದೇ ಸರಿ. ಮೀನು ಕೊಳ್ಳುವಾಗಲೂ ಹ್ಯಾಚರಿಯಲ್ಲಿ ಹುಟ್ಟಿದ್ದಾ ಅಂತ ಕೇಳಿ. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ.

ಈಗ ನಾವು ಮೀನಿಲ್ಲದೆ ಟ್ಯಾಂಕ್ ಹದಗೊಳಿಸುತ್ತಿದ್ದೇವೆ. ಸಿಗಡಿ ತೆಗೆದು, ನೀರು ಬದಲಿಸಿ ಮೊದಲಿನಿಂದ ಶುರು ಮಾಡಿದೆವು. ಅಮೋನಿಯ ಲೀಟರಿಗೆ 2 ಮಿಲಿಗ್ರಾಂ ಆಗಬೇಕಾದರೆ 100 ಲೀಟರಿಗೆ ಅಮೋನಿಯಂ ಕ್ಲೋರೈಡ್ ಬೇಕಾದದ್ದು ಬರೇ 0.6 ಗ್ರಾಂನಷ್ಟು. (ಲ್ಯಾಬಿನಿಂದ ಎತ್ತಿಕೊಂಡು ಬರಬೇಡಿ, ಕೇಳಿ ತನ್ನಿ.) ಅಷ್ಟು ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ತಯಾರು. ಆಮೇಲೆ ಸ್ವಲ್ಪ ನೀರು ಬದಲಿಸಿ ಒಂದೊಂದೇ ಮೀನು. ನಡುವೆ ನೀರು ಮಬ್ಬಾದರೆ ಗಾಳಿಯ ಪಂಪ್ ಜಾಸ್ತಿ ಮಾಡುತ್ತೇವೆ, ಯಾಕೆಂದರೆ ಆ ಬ್ಯಾಕ್ಟೀರಿಯಾ ಆಮ್ಲಜನಕ ತಿನ್ನುತ್ತದೆ. ಬೇರೇನೂ ಸುರಿಯುವುದಿಲ್ಲ. ದಿನದ ರೀಡಿಂಗ್ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ.

ಕ್ಯಾಂಪಸ್ಸಿನಲ್ಲಿ ಟ್ಯಾಂಕ್ ಇಡಲು ಹೊರಟವರಿಗೆ ನಮ್ಮ ಒಂದೇ ಮಾತು: ಮೊದಲ ಖರೀದಿ ಟೆಸ್ಟ್ ಕಿಟ್ ಆಗಲಿ, ಕೊನೆಯದು ಮೀನು.

ಇವತ್ತಿಗೆ ನಾಲ್ಕನೇ ವಾರ. ಅಮೋನಿಯ ಇಳಿದಿದೆ, ನೈಟ್ರೈಟ್ ಇನ್ನೂ ಇಳಿದಿಲ್ಲ. ನೀರು ಮಾತ್ರ ಮತ್ತೆ ಗಾಜಿನ ಹಾಗೆ ಹೊಳೆಯುತ್ತಿದೆ. ಅಜ್ಜಿ ಪ್ರತಿ ಶನಿವಾರ ಕೇಳುತ್ತಾರೆ, ‘ಮೀನು ಯಾವಾಗ ತರುವುದು?’ ಇನ್ನೂ ಎರಡು ವಾರ ಆಗಬಹುದು ಅಜ್ಜಿ, ಅನ್ನುತ್ತೇವೆ.