ಡಬ್ಬಿ ಹಾಲು: ಆರಿಸೋರು ಯಾರು?



ಕೂಸಿನ ಹಾಲಿನ ಮಾತು ಚಳವಳಿಯ ಪತ್ರಿಕೆಗೆ ಯಾಕ ಬೇಕು, ಅದನ್ನ ಮನ್ಯಾಗಿನ ಮುದುಕಿಯರು ನೋಡಿಕೊಳ್ತಾರ ಅಂತ ಕೆಲವರು ಅಂತಾರ. ಭೂಮಿ, ಕೂಲಿ, ಸ್ಕಾಲರ್‌ಶಿಪ್ಪು, ಹಾಸ್ಟೆಲಿನ ಊಟ ಇವು ಚಳವಳಿಯ ಮಾತು, ಹಾಲಿನ ಡಬ್ಬಿ ಹೆಂಗಸರ ಮಾತು ಎಂಬುದು ಅವರ ವಾದ. ಈ ವಾದ ತಪ್ಪು. ನಮ್ಮ ಕೇರಿಯ ಕೂಸಿನ ಬಾಯಿಗೆ ಏನು ಬೀಳಬೇಕು ಅನ್ನೋದನ್ನ ಕೂಲಿ ತೀರ್ಮಾನಿಸ್ತದ, ನೀರು ತೀರ್ಮಾನಿಸ್ತದ. ಕೂಲಿ ಮತ್ತು ನೀರು ಚಳವಳಿಯ ಮಾತಾದರ ಹಾಲೂ ಚಳವಳಿಯ ಮಾತೇ.

ಗುರುಮಠಕಲ್ ಸೀಮೆಯ ಕೂಲಿ ಹೆಣ್ಣುಮಗಳನ್ನು ನೋಡಿ. ಹಡೆದು ತಿಂಗಳೆರಡು ತಿಂಗಳಾಗುವುದರೊಳಗೆ ಹತ್ತಿ ಬಿಡಿಸಲಿಕ್ಕ, ತೊಗರಿ ಕೊಯ್ಯಲಿಕ್ಕ ಹೋಗಬೇಕು. ಊರಾಗ ಕೆಲಸ ಇಲ್ಲದಿದ್ದರ ಹೈದರಾಬಾದು, ಬೆಂಗಳೂರು, ಮುಂಬಯಿಗೆ ಗುಳೆ ಹೋಗಬೇಕು. ಕೂಸು ಆಯಿಯ ಕೈಯಲ್ಲಿ ಉಳಿತದ. ಆವಾಗ ಡಬ್ಬಿ ಬರ್ತದ. ಡಬ್ಬಿಗೆ ರೊಕ್ಕ ಸಾಲದಿದ್ದರ ಚಹಾಕ್ಕ ಹಾಕೋ ಹಾಲಿನ ಪುಡಿಯ ಪಾಕೀಟು ಬರ್ತದ. ಇಂಥ ತಾಯಿಗೆ ಎದೆಹಾಲು ಅಮೃತ ಅಂತ ಆಸ್ಪತ್ರೆ ಗೋಡೆಯ ಮ್ಯಾಲ ಬರೆದು ತೋರಿಸಿದರ ಏನು ಬಂತು? ಆಕೀಗೆ ಅದು ಗೊತ್ತದ. ಎದೆಯಲ್ಲಿ ಹಾಲದ, ಮಗ್ಗಲಲ್ಲಿ ಕೂಸಿಲ್ಲ.

ಪುಡಿಹಾಲು ವಿಷ ಅಂತ ಯಾರೂ ತಿಳಿಯಬಾರದು. ತಾಯಿ ತೀರಿಕೊಂಡ ಕೂಸಿಗೆ, ತಾಯಿ ಜಡ್ಡಿಗೆ ಬಿದ್ದ ಕೂಸಿಗೆ ಅದೇ ಜೀವ. ಎಮ್ಮೆ ಹಾಲಿನಿಂದ ಕೂಸಿನ ಆಹಾರ ಮಾಡುವ ವಿಧಾನವನ್ನು ಕಂಡುಹಿಡಿದದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾಲಯ, ಸಿ.ಎಫ್.ಟಿ.ಆರ್.ಐ. 1960ರ ಸುಮಾರಿಗೆ ಅಮುಲ್ ಅದನ್ನು ಮಾರುಕಟ್ಟೆಗೆ ತಂದಿತು. ಕೇಡು ಇರೋದು ಬಡವರಿಗೆ ಅದನ್ನು ಮಾರಿದ ರೀತಿಯಲ್ಲಿ. ಕಂಪನಿಗಳು ಆಫ್ರಿಕಾದ ಬಡ ತಾಯಂದಿರಿಗೆ ಪುಡಿಹಾಲಿನ ಆಸೆ ಹಚ್ಚಿದ ಕಥೆಯನ್ನು 1974ರಲ್ಲಿ ಇಂಗ್ಲೆಂಡಿನ ಒಂದು ಪುಸ್ತಿಕೆ ಬಯಲಿಗೆಳೆಯಿತು. 1977ರಲ್ಲಿ ಅಮೆರಿಕದ ಜನ ನೆಸ್ಲೆ ಮಾಲಿಗೆ ಬಹಿಷ್ಕಾರ ಹಾಕಿದರು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಮಾರಾಟಕ್ಕೆ ಕಡಿವಾಣದ ನಿಯಮ ತಂದಾಗ ಪರವಾಗಿ 118 ದೇಶಗಳು ಓಟು ಹಾಕಿದವು. ವಿರುದ್ಧ ಬಿದ್ದದ್ದು ಒಂದೇ ಓಟು, ಅಮೆರಿಕ ಸರಕಾರದ್ದು.

ಭಾರತದಲ್ಲಿ 1992ರಲ್ಲಿ ಕಾನೂನು ಬಂತು, 2003ರಲ್ಲಿ ಬಿಗಿಯಾಯಿತು. ಕೂಸಿನ ಪುಡಿಹಾಲಿಗೆ ಜಾಹೀರಾತು ಕೂಡದು. ತಾಯಂದಿರಿಗೆ ಪುಕ್ಕಟೆ ಡಬ್ಬಿ ಹಂಚಕೂಡದು. ಡಾಕ್ಟರಿಗೆ, ನರ್ಸಿಗೆ ಕಂಪನಿ ಉಡುಗೊರೆ ಕೊಡಕೂಡದು. ಡಬ್ಬಿಯ ಮ್ಯಾಲ ಕೂಸಿನ ಚಿತ್ರ, ತಾಯಿಯ ಚಿತ್ರ ಇರಕೂಡದು. ತಾಯಿಯ ಹಾಲೇ ಉತ್ತಮ ಅಂತ ಅಚ್ಚು ಹಾಕಲೇಬೇಕು. ಈ ಕಾನೂನನ್ನು ನಮ್ಮ ಎಷ್ಟು ಮಂದಿ ಪದವೀಧರರು ಓದೀವಿ? ಅಂಬೇಡ್ಕರ್ ಜಯಂತಿಯ ಭಾಷಣಕ್ಕೆ ತಯಾರಾಗುವ ಹೊತ್ತಿನ ಅರ್ಧದಷ್ಟು ಸಾಕು, ಇದನ್ನ ಓದಿ ಮುಗಿಸಲಿಕ್ಕ.

ಈಗ ಲೆಕ್ಕಕ್ಕ ಬರೋಣ. ಐದು ಕಿಲೋ ತೂಕದ ಕೂಸಿಗೆ ದಿನಕ್ಕ ಸುಮಾರು 750 ಮಿಲಿ ಹಾಲು ಬೇಕು. ಅದಕ್ಕ ಹತ್ತಿರ ಹತ್ತಿರ 100 ಗ್ರಾಂ ಪುಡಿ ಹಿಡಿತದ. ಅಂದರ 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕ ಖಾಲಿ. ತಿಂಗಳಿಗೆ ಏಳೆಂಟು ಡಬ್ಬಿ. ಅಂಗಡ್ಯಾಗ ದರ ಕೇಳಿ ಗುಣಿಸಿ, ನಿಮ್ಮ ಅವ್ವನ ತಿಂಗಳ ಕೂಲಿ ಪಕ್ಕದಲ್ಲಿ ಬರೆದು ನೋಡ್ರಿ. ನಾಲ್ಕು ದಿನದ ಡಬ್ಬಿಯನ್ನ ಹತ್ತು ದಿನ ಎಳೆದರ ಕೂಸು ಕುಡಿಯೋದು ಬಿಳಿ ನೀರು. ಹೊಟ್ಟೆ ತುಂಬಿ ಮಲಗ್ತದ, ತೂಕ ಏರೋದಿಲ್ಲ. ಆಯಿಗೆ ಅಕ್ಕರೆ ಕಮ್ಮಿಯೇನು? ಡಬ್ಬಿಯ ಮ್ಯಾಲಿನ ಸಣ್ಣ ಅಕ್ಷರ ಆಕೀಗೆ ಓದಲಿಕ್ಕ ಬರೋದಿಲ್ಲ, ಕೈಯಲ್ಲಿ ರೊಕ್ಕವೂ ಇಲ್ಲ.

ನೀರಿನ ಲೆಕ್ಕ ಇನ್ನೂ ಕೆಟ್ಟದ್ದು. 1972ರಿಂದ 2004ರ ತನಕ ಖರ್ಗೆಯವರನ್ನು ಎಂಟು ಸಲ ವಿಧಾನಸಭೆಗೆ ಕಳಿಸಿದ ಕ್ಷೇತ್ರ ಗುರುಮಠಕಲ್. 2009ರಲ್ಲಿ ಯಾದಗಿರಿ ಜಿಲ್ಲೆ ಆಯಿತು, 2013ರಲ್ಲಿ 371ಜೆ ಜಾರಿಗೆ ಬಂತು. ಇಷ್ಟೆಲ್ಲ ಆದ ಮ್ಯಾಲ 2023ರ ಫೆಬ್ರವರಿಯಲ್ಲಿ ಇದೇ ತಾಲೂಕಿನ ಅನಪುರದಲ್ಲಿ ಹೊಲಸು ನೀರು ಕುಡಿದು ಜನ ವಾಂತಿ ಭೇದಿಗೆ ಬಿದ್ದರು, ಸಾವೂ ಆದವು. ದೊಡ್ಡವರನ್ನೇ ಕೆಡವಿದ ನೀರಿನಲ್ಲಿ ಕೂಸಿನ ಪುಡಿ ಕಲಸಿದರ ಗತಿಯೇನು? ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಬೋರಿನ ನೀರಿನಲ್ಲಿ ಆರ್ಸೆನಿಕ್ ವಿಷ ಕಂಡಿತ್ತು. ಕುದಿಸಿದರ ರೋಗದ ಹುಳ ಸಾಯ್ತದ, ಆರ್ಸೆನಿಕ್ ಫ್ಲೋರೈಡ್ ಹೋಗೋದಿಲ್ಲ. ತಾಯಿ ಅದೇ ನೀರು ಕುಡಿದರೂ ಆಕೀ ಹಾಲಿನಲ್ಲಿ ಇವು ಇಳಿಯೋದು ಬಹಳ ಕಮ್ಮಿ. ಆಕೀ ಮೈಯೇ ಕೂಸಿಗೆ ಸೋಸಿಕೊಡ್ತದ. ಆ ಸೋಸಣಿಗೆಯಿಂದ ಕೂಸನ್ನ ದೂರ ಮಾಡಿದ್ದು ಕೂಲಿಯ ಅವಸರ.

ಆದರೂ ಡಬ್ಬಿ ಬೇಕಾದ ಮನೆ ಇದ್ದೇ ಇರ್ತಾವ. ಅಂಥ ಮನೆಗೆ ಬುದ್ಧಿ ಹೇಳಬ್ಯಾಡ್ರಿ, ಓದಿ ಹೇಳ್ರಿ. ಆರು ತಿಂಗಳೊಳಗಿನ ಕೂಸಿಗೆ 1 ಎಂಬ ಅಂಕಿಯ ಡಬ್ಬಿ. ಡಬ್ಬಿಯೊಳಗೆ ಏನೇನು ಎಷ್ಟಿರಬೇಕು ಅಂತ ಸರಕಾರದ ಅಳತೆ ಅದ, ದರ ಹೆಚ್ಚಾದ ಮಾತ್ರಕ್ಕ ಮೇಲಾಗೋದಿಲ್ಲ. ತೇದಿ ಮುಗಿದದ್ದು ಬೇಡ. ಚಹಾದ ಪುಡಿ, ಸಕ್ಕರೆ ಬೆರೆಸಿದ ಗಟ್ಟಿ ಹಾಲು ಕೂಸಿನ ಆಹಾರ ಅಲ್ಲ.

ಮಾಡೋ ರೀತಿ ಹೀಗೆ. ಕೈ ಸಾಬೂನಿನಿಂದ ತೊಳಿಬೇಕು. ಬಟ್ಟಲು ಚಮಚ ನೀರಿನಲ್ಲಿ ಕುದಿಸಬೇಕು. ತೊಳೆಯಲಿಕ್ಕ ಕಷ್ಟವಾದ ಬಾಟಲಿಗಿಂತ ಬಟ್ಟಲು ಚಮಚ ವಾಸಿ. ಶುದ್ಧ ನೀರು ಮರಳಿಸಿ ಮುಚ್ಚಿಟ್ಟು, ಅರ್ಧ ತಾಸು ಮೀರದಂತೆ, ಇನ್ನೂ ಬಿಸಿ ಇರುವಾಗಲೇ ಅಳೆದು ಹಾಕಬೇಕು. ಪುಡಿಯಲ್ಲೂ ರೋಗದ ಹುಳ ಇರಬಹುದು, ಅದಕ್ಕೇ 70 ಡಿಗ್ರಿಗೆ ಕಮ್ಮಿಯಿಲ್ಲದ ಬಿಸಿ ಬೇಕು. ಮೊದಲು ನೀರು, ಆಮ್ಯಾಲ ಪುಡಿ. ಅದೇ ಡಬ್ಬಿಯ ಚಮಚ, ತಲೆ ಸಮ ಮಾಡಿ, ಡಬ್ಬಿ ಹೇಳಿದಷ್ಟೇ. ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಕಲಸಿದ ಬಟ್ಟಲನ್ನ ತಣ್ಣೀರಿನಲ್ಲಿಟ್ಟು ಆರಿಸಿ, ಮುಂಗೈ ಮ್ಯಾಲ ಹನಿ ಬಿಟ್ಟು ನೋಡಿ ಕುಡಿಸಬೇಕು. ಎರಡು ತಾಸು ಮೀರಿದ್ದನ್ನ, ಕೂಸು ಬಿಟ್ಟದ್ದನ್ನ ಚೆಲ್ಲಬೇಕು. ಚೆಲ್ಲಲಿಕ್ಕ ಮನಸ್ಸು ಬರೋದಿಲ್ಲ, ಖರೆ. ಅದಕ್ಕೇ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಬೇಕು.

ಇಷ್ಟು ಕಲಿಸಿದರ ನಮ್ಮ ಕೆಲಸ ಮುಗಿಯಿತೇ? 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. ಮರುವರ್ಷ, 1928ರಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತರು. ಹಡೆಯುವ ಮುಂಚೆಯೂ ಆಮ್ಯಾಲೂ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಭಾರ ಸರಕಾರ ಹೊರಬೇಕು, ಲಾಭ ತಿನ್ನುವ ಮಾಲೀಕನೂ ಹೊರಬೇಕು ಎಂಬುದು ಅವರ ವಾದ. ನೀರು ಮತ್ತು ಬಾಣಂತನ ಎರಡೂ ಅವರಿಗೆ ಹೋರಾಟವೇ ಆಗಿದ್ದವು.

ಸುಮಾರು ನೂರು ವರ್ಷದ ಮ್ಯಾಲ ಏನಾಗ್ಯದ? ನೌಕರಿಯ ಹೆಣ್ಣುಮಗಳಿಗೆ 2017ರಲ್ಲಿ 26 ವಾರದ ಪಗಾರದ ರಜೆ ಆಯಿತು, ಅದು ಒಳ್ಳೆಯದೇ. ಹೊಲದ ಕೂಲಿಯವಳಿಗೆ? 2013ರ ಆಹಾರ ಭದ್ರತಾ ಕಾಯ್ದೆ ಕಮ್ಮಿ ಎಂದರೂ 6,000 ರೂಪಾಯಿ ಅಂತು. 2017ರ ಕೇಂದ್ರ ಯೋಜನೆ ಅದನ್ನೂ ಕತ್ತರಿಸಿ ಮೊದಲ ಕೂಸಿಗೆ 5,000 ಮಾಡಿತು, ಅದೂ ಕಂತಿನಲ್ಲಿ. ಒಬ್ಬಳಿಗೆ ಅರ್ಧ ವರ್ಷದ ಪಗಾರ, ಇನ್ನೊಬ್ಬಳಿಗೆ ಕೆಲವು ದಿನದ ಕೂಲಿ. ಇಬ್ಬರ ಎದೆಯಲ್ಲೂ ಬರೋದು ಹಾಲೇ.

ನಾವು ಕೇಳಬೇಕಾದದ್ದು ಮೂರು. ಹೊಲದ ಕೂಲಿ ತಾಯಿಗೂ ಆರು ತಿಂಗಳ ಕೂಲಿ ಮನೆಗೆ ಬರಬೇಕು. 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಹೊರಟ ಕೂಸಿನ ಮನೆ ನಮ್ಮ ಕೇರಿಗೆ ಹತ್ತಿರ ಇರಬೇಕು, ತಾಯಿ ನಡುವೆ ಬಂದು ಹಾಲು ಕುಡಿಸಿ ಹೋಗುವಂತಿರಬೇಕು. ಕೇರಿಯ ನಲ್ಲಿಯ ನೀರು ತಪಾಸಣೆ ಆಗಿ, ಅದರ ಫಲಿತಾಂಶ ಕನ್ನಡದಲ್ಲಿ ಪಂಚಾಯಿತಿ ಗೋಡೆಯ ಮ್ಯಾಲ ಬರಬೇಕು.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಮುಂದಿನ ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಬಾಣಂತಿ ಇರುವ ಮನೆ ಎಷ್ಟು, ಡಬ್ಬಿ ಕುಡಿಯುವ ಕೂಸು ಎಷ್ಟು, ನೀರು ಎಲ್ಲಿಂದ ತರ್ತಾರ ಅಂತ ಬರಕೊಂಡು ಬರ್ರಿ. ಗಂಡುಹುಡುಗರಿಗೆ ನಾಚಿಕೆ ಬೇಡ. ಆ ಪಟ್ಟಿ ಹಿಡಿದು ತಹಸೀಲ್ದಾರರ ಕಚೇರಿಗೆ ಹೋಗೋಣ.

ಜೈಭೀಮ್.